ಫುಟ್‌ಬಾಲ್ ಆಟಗಾರ ವಿಮಾ ಏಜೆಂಟನಾದಾಗ

(ನಂದೂರಿನಲ್ಲಿ ನಡೆದ ಸಂಘದ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ನಿವೃತ್ತ ವಿಮಾ ಏಜೆಂಟರು.)

ನನ್ನನ್ನು ಆಹ್ವಾನಿಸಲು ಬಂದಾಗ ಕಾರ್ಯದರ್ಶಿಗಳು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಸಂಘದ ವಿದ್ಯಾರ್ಥಿವೇತನ ಪಡೆಯುತ್ತಿರುವ ಇಬ್ಬರು ಹುಡುಗರು ಪಿಯುಸಿ ಎರಡನೆಯ ವರ್ಷವನ್ನು ಅರ್ಧಕ್ಕೆ ಬಿಟ್ಟು ಫುಟ್‌ಬಾಲ್ ಆಡಲು ಬೆಂಗಳೂರಿಗೆ ಹೊರಟಿದ್ದಾರಂತೆ. ಮನೆಯವರು ಬೇಡ ಅನ್ನುತ್ತಾರೆ, ಹುಡುಗರು ಕೇಳುವುದಿಲ್ಲ. "ನೀವು ಆಟವನ್ನೂ ಆಡಿದವರು, ಇನ್ಶೂರೆನ್ಸ್ ಏಜೆಂಟರಾಗಿ ಮೂವತ್ತು ವರ್ಷ ಜನರ ಮನೆಬಾಗಿಲು ತಟ್ಟಿದವರು, ಎರಡನ್ನೂ ಸೇರಿಸಿ ಏನಾದರೂ ಹೇಳಿ" ಎಂದರು. ಆ ಇಬ್ಬರು ಈ ಸಭೆಯಲ್ಲಿಯೇ ಇದ್ದಾರೆ ಎಂದು ಕೇಳಿದ್ದೇನೆ. ಯಾರೆಂದು ನನಗೆ ತೋರಿಸಬೇಡಿ ಎಂದೂ ಹೇಳಿದ್ದೇನೆ.

ಮೊದಲು ಒಂದು ಕಥೆ. 1966ರ ಜುಲೈ 30, ಲಂಡನ್ನಿನ ವೆಂಬ್ಲಿ ಮೈದಾನ. ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡು ಪಶ್ಚಿಮ ಜರ್ಮನಿಯನ್ನು 4-2ರಿಂದ ಸೋಲಿಸಿತು. ಇಂಗ್ಲೆಂಡಿನ ನಾಲ್ಕು ಗೋಲುಗಳಲ್ಲಿ ಮೂರು ಜೆಫ್ ಹರ್ಸ್ಟ್ ಅವರದು, ಒಂದು ಮಾರ್ಟಿನ್ ಪೀಟರ್ಸ್ ಅವರದು. ಇಷ್ಟು ಹಲವರಿಗೆ ಗೊತ್ತಿದೆ. ಮುಂದಿನದು ಬಹಳ ಜನರಿಗೆ ಗೊತ್ತಿಲ್ಲ. ಈ ಇಬ್ಬರೂ ಮುಂದೆ ಮೋಟರ್‌ಪ್ಲಾನ್ ಎಂಬ ಒಂದೇ ವಾಹನ ವಿಮಾ ಸಂಸ್ಥೆಯಲ್ಲಿ ನೌಕರಿ ಮಾಡಿದರು. ಇಂಗ್ಲೆಂಡು ಇಂದಿಗೂ ನೆನೆದು ಹಿಗ್ಗುವ ಆ ನಾಲ್ಕೂ ಗೋಲುಗಳು ಇನ್ಶೂರೆನ್ಸಿನವರ ಗೋಲುಗಳು! ನಮ್ಮ ವೃತ್ತಿಯವರ ಸಭೆಗಳಲ್ಲಿ ಇದನ್ನು ಹೇಳಿ ನಾನು ಬಹಳ ಚಪ್ಪಾಳೆ ಗಿಟ್ಟಿಸಿದ್ದೇನೆ.

ಹರ್ಸ್ಟ್ ಅವರ ಬದುಕನ್ನು ಸ್ವಲ್ಪ ವಿವರವಾಗಿ ನೋಡೋಣ. ಹುಟ್ಟಿದ್ದು 1941ರಲ್ಲಿ. ತಂದೆಯೂ ಫುಟ್‌ಬಾಲ್ ಆಟಗಾರರೇ. ಕ್ರಿಕೆಟ್ ಕೂಡ ಆಡುತ್ತಿದ್ದ ಹುಡುಗ 1962ರಲ್ಲಿ ಎಸೆಕ್ಸ್ ಪರವಾಗಿ ಒಂದೇ ಒಂದು ಪ್ರಥಮ ದರ್ಜೆ ಪಂದ್ಯ ಆಡಿದ. ಎರಡು ಇನಿಂಗ್ಸ್ ಸೇರಿ ಒಂದು ರನ್ನೂ ಇಲ್ಲ. ಫುಟ್‌ಬಾಲಿನಲ್ಲೂ ಮೊದಲು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ವೆಸ್ಟ್ ಹ್ಯಾಮ್ ಕ್ಲಬ್ಬಿನ ತರಬೇತುದಾರ ರಾನ್ ಗ್ರೀನ್‌ವುಡ್ ಅವನನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ತಂದು ಆಡಿಸಿದ ಮೇಲೆಯೇ ಆಟ ಕುದುರಿದ್ದು. ವಿಶ್ವಕಪ್ಪಿನಲ್ಲಿ ಕೂಡ ಆತ ಮೊದಲ ಹನ್ನೊಂದರಲ್ಲಿ ಇರಲಿಲ್ಲ. ಜಿಮ್ಮಿ ಗ್ರೀವ್ಸ್ ಎಂಬ ಹೆಸರಾಂತ ಆಟಗಾರ ಫ್ರಾನ್ಸ್ ವಿರುದ್ಧದ ಪಂದ್ಯದಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡದ್ದರಿಂದ ಜಾಗ ಖಾಲಿಯಾಯಿತು. ಹರ್ಸ್ಟ್ ಅರ್ಜೆಂಟೀನಾ ವಿರುದ್ಧ ಆಡಿ ಗೆಲುವಿನ ಗೋಲು ಹೊಡೆದ. ಮುಂದೆ ಅಂತಿಮ ಪಂದ್ಯ, ಮೂರು ಗೋಲು. ಪುರುಷರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಮೂರು ಗೋಲು ಹೊಡೆದ ಇನ್ನೊಬ್ಬರನ್ನು ನೋಡಲು ಜಗತ್ತು 2022ರವರೆಗೆ ಕಾಯಬೇಕಾಯಿತು. ಫ್ರಾನ್ಸಿನ ಎಂಬಾಪೆ ಮೂರು ಹೊಡೆದರೂ ಅವರ ತಂಡ ಸೋತಿತು.

ಇಲ್ಲಿ ಒಂದು ಉಪಕಥೆ. ಹರ್ಸ್ಟ್ ಅವರ ಎರಡನೆಯ ಗೋಲು ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿತ್ತು. ಗೆರೆ ದಾಟಿತೋ ಇಲ್ಲವೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ರೆಫರಿ ಓಡಿಹೋಗಿ ಗೆರೆಯ ಪಕ್ಕದ ಲೈನ್ಸ್‌ಮನ್‌ನನ್ನು ಕೇಳಿದರು. ಆತ ಗೋಲು ಎಂದ. 'ರಷ್ಯದ ಲೈನ್ಸ್‌ಮನ್' ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ, ಆದರೆ ಆತ ಅಜರ್‌ಬೈಜಾನಿನವರು, ಹೆಸರು ತೌಫೀಕ್ ಬಹ್ರಾಮೋವ್. ಬಾಕು ನಗರದ ದೊಡ್ಡ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟಿದ್ದಾರೆ. 2004ರಲ್ಲಿ ಅಲ್ಲಿ ಅವರ ಪ್ರತಿಮೆ ಅನಾವರಣವಾದಾಗ ಹರ್ಸ್ಟ್ ಸ್ವತಃ ಹೋಗಿದ್ದರು. ಋಣ ತೀರಿಸಲು ಹೋಗಿದ್ದರು ಎಂದು ನಾನು ತಿಳಿಯುತ್ತೇನೆ!

ಇನ್ನು ದುಡ್ಡಿನ ವಿಷಯಕ್ಕೆ ಬರೋಣ. ಇಂಗ್ಲೆಂಡಿನಲ್ಲಿ 1961ರ ಜನವರಿಯವರೆಗೆ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ವಿಶ್ವಕಪ್ ಗೆದ್ದುದಕ್ಕೆ 22 ಜನರ ತಂಡಕ್ಕೆ ಬಂದ ಇನಾಮು 22,000 ಪೌಂಡು, ತಲೆಗೆ ಒಂದು ಸಾವಿರ. ಮರುದಿನ ಮನೆಗೆ ಹೋಗಿ ಅಂಗಳದ ಹುಲ್ಲು ಕತ್ತರಿಸಿ ಕಾರು ತೊಳೆದೆ ಎಂದು ಹರ್ಸ್ಟ್ ಹೇಳಿಕೊಂಡಿದ್ದಾರೆ. ಆಮೇಲೆ ಬೇರೆ ಕ್ಲಬ್ಬುಗಳು, ಸ್ವಲ್ಪ ಕಾಲ ಅಮೆರಿಕ, 1979ರಿಂದ 81ರವರೆಗೆ ಚೆಲ್ಸಿಯ ಮ್ಯಾನೇಜರ್, ಅಲ್ಲಿಂದ ತೆಗೆದುಹಾಕಿದ ಮೇಲೆ 1982ರಿಂದ 84ರವರೆಗೆ ಕುವೈತ್ ಕ್ಲಬ್ಬಿನ ತರಬೇತುದಾರ. ನಮ್ಮ ಓಣಿಯ ಎಷ್ಟೋ ಹುಡುಗರು ದುಡಿಮೆಗೆ ಹೋದ ಅದೇ ಕುವೈತ್. ಅಲ್ಲಿಂದ ಮರಳಿದ ಮೇಲೆ ವಿಮೆಯ ಕೆಲಸ. 1984ರಲ್ಲಿ ಪೀಟರ್ಸ್ ಕೂಡ ಅದೇ ಸಂಸ್ಥೆಗೆ ಸೇರಿದರು. 1970ರಲ್ಲಿ ಎರಡು ಲಕ್ಷ ಪೌಂಡಿಗೆ ಕ್ಲಬ್ಬು ಬದಲಿಸಿದ ಆಟಗಾರ ಆತ, ಬ್ರಿಟನ್ನಿನಲ್ಲಿ ಅಷ್ಟು ಬೆಲೆಗೆ ಹೋದವರಲ್ಲಿ ಮೊದಲಿಗ. ಆ ಎರಡು ಲಕ್ಷ ಹೋದದ್ದು ಕ್ಲಬ್ಬಿನ ಜೇಬಿಗೆ, ಆಟಗಾರನ ಜೇಬಿಗಲ್ಲ. 2001ರಲ್ಲಿ ಸಂಸ್ಥೆಯಲ್ಲಿ ಸಿಬ್ಬಂದಿ ಕಡಿತವಾದಾಗ ಪೀಟರ್ಸ್ ಅವರ ಆ ನೌಕರಿಯೂ ಹೋಯಿತು. ಅದೇ ತಂಡದ ರೇ ವಿಲ್ಸನ್ ಶವಸಂಸ್ಕಾರದ ವೃತ್ತಿ ಹಿಡಿದರು. ಹರ್ಸ್ಟ್ ಅವರಿಗೆ 1998ರಲ್ಲಿ 'ಸರ್' ಪದವಿ ಬಂತು, 2000ದಲ್ಲಿ ಅವರ ಆ ಕೆಂಪು ಅಂಗಿ ಹರಾಜಿನಲ್ಲಿ 91,750 ಪೌಂಡಿಗೆ ಹೋಯಿತು. ಗೆದ್ದ ಇನಾಮಿಗಿಂತ ಬೆವರಿನ ಅಂಗಿಗೇ ತೊಂಬತ್ತು ಪಟ್ಟು ಬೆಲೆ ನೋಡಿ.

ಇದನ್ನೆಲ್ಲ ಅಯ್ಯೋ ಪಾಪ ಅನ್ನಲಿ ಎಂದು ಹೇಳುತ್ತಿಲ್ಲ. ವಿಮೆ ಮಾರುವುದು ಕೀಳು ಕೆಲಸವಲ್ಲ, ನಾನು ಅದರಿಂದಲೇ ಮೂರು ಮಕ್ಕಳನ್ನು ಓದಿಸಿದ್ದೇನೆ. ನಾನು ತೋರಿಸಬೇಕೆಂದಿರುವುದು ಲೆಕ್ಕವನ್ನು. ಆಟಗಾರನ ದುಡಿಮೆ ಹದಿನೆಂಟಕ್ಕೆ ಶುರುವಾಗಿ ಮೂವತ್ತೈದರೊಳಗೆ ಮುಗಿಯುತ್ತದೆ. ಆಮೇಲೆ ಅವನ ಮುಂದೆ ಮೂವತ್ತು ವರ್ಷದ ದುಡಿಯುವ ಆಯುಷ್ಯ ಉಳಿದಿರುತ್ತದೆ. ವಿಶ್ವಕಪ್ ಗೆದ್ದವರಿಗೇ ಹೀಗೆ. ಗುಲ್ಬರ್ಗದ ಹುಡುಗನ ಪಾಡು ಏನು?

ನಮ್ಮ ಕಡೆ ಬರೋಣ. ಫುಟ್‌ಬಾಲ್ ನಮಗೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು, ನಮ್ಮ ಹಿರಿಯರಿಗೆ ಪಟ್ಟಣ ಎಂದರೆ ಹೈದರಾಬಾದೇ. ಅಲ್ಲಿನ ಸಿಟಿ ಪೊಲೀಸ್ ತಂಡ 1950ರಿಂದ 54ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದರ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಸಾಹೇಬರು. ವೃತ್ತಿಯಿಂದ ಅವರು ಶಾಲಾ ಮಾಸ್ತರರು, ಉಸ್ಮಾನಿಯಾದ ಪದವೀಧರರು. ಅವರ ಕೈಯಲ್ಲಿ ಪಳಗಿದ ಭಾರತ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು, 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿತು. ಮರುವರ್ಷವೇ ರಹೀಮ್ ಸಾಹೇಬರು ತೀರಿಕೊಂಡರು. ಮಾಸ್ತರಿಕೆ ಗೊತ್ತಿದ್ದವನಿಗೆ ಆಟ ಕಲಿಸುವುದು ಸುಲಭವಾಯಿತು ಎಂದು ನನ್ನ ಅನಿಸಿಕೆ.

ಇತ್ತ ಮೈಸೂರು ಸೀಮೆಯಲ್ಲಿ 'ಬೆಂಗಳೂರು ಮುಸ್ಲಿಮ್ಸ್' ಎಂಬ ತಂಡವಿತ್ತು. ಅಲ್ಲಿಯವರೆಗೆ ಬ್ರಿಟಿಷ್ ಸೇನೆಯ ತುಕಡಿಗಳ ಸ್ವತ್ತಾಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಅದು. 1938ರಲ್ಲಿ ಮತ್ತೆ ಗೆದ್ದಿತು, 1948ರಲ್ಲಿ ಮೂರನೆಯ ಸಲ. ಅದೇ ಬೆಂಗಳೂರಿನ ಅಹ್ಮದ್ ಖಾನ್ ಅವರ ಹೆಸರನ್ನು ಇಲ್ಲಿರುವ ಹುಡುಗರು ಕೇಳಿದ್ದೀರಾ? ಕೈ ಎತ್ತಿ. ಇಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಪಾಲು ನಮ್ಮವರು ಬೂಟಿಲ್ಲದೆ ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ವಿರುದ್ಧ 2-1ರಿಂದ ಸೋತರು, ಎರಡು ಪೆನಾಲ್ಟಿ ತಪ್ಪಿದವು. ನಮ್ಮ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್, ಅವರೂ ಬೆಂಗಳೂರಿನವರೇ. ಆ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಬಡಿದಾಗ ಆ ಒಂದು ಗೋಲು ಅವರದೇ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಮುಂಚೂಣಿ ಆಟಗಾರರನ್ನು ಅಲ್ಲಿನ ಜನ 'ಪಂಚಪಾಂಡವರು' ಎನ್ನುತ್ತಿದ್ದರು. ಆ ಪಾಂಡವರಲ್ಲಿ ಅಹ್ಮದ್ ಖಾನ್ ಒಬ್ಬರು, ಸಾಲೇಹ್ ಇನ್ನೊಬ್ಬರು. ಬಂಗಾಲದ ಜನ ಇಬ್ಬರು ಮುಸ್ಲಿಮರನ್ನು ಪಾಂಡವರೆಂದು ಕರೆದು ಹೊತ್ತು ಮೆರೆಸಿದ ಕಾಲ ಅದು. 2017ರಲ್ಲಿ ಅಹ್ಮದ್ ಖಾನ್ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಕಾಲದ ಆಟಗಾರರಿಗೆ ಅನ್ನ ಕೊಟ್ಟದ್ದು ಕ್ಲಬ್ಬಿಗಿಂತ ಹೆಚ್ಚಾಗಿ ಇಲಾಖೆ ಮತ್ತು ಕಾರ್ಖಾನೆ. ಪೊಲೀಸ್, ರೈಲ್ವೆ, ಸೇನೆ. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳು. ಆಟಕ್ಕೆಂದು ನೌಕರಿ ಕೊಡುತ್ತಿದ್ದರು. ಕಾಲು ಸೋತ ಮೇಲೂ ಸಂಬಳ, ಪಿಂಚಣಿ ನಿಲ್ಲುತ್ತಿರಲಿಲ್ಲ. ಈಗ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಈಗಿರುವುದು ಕರಾರು. ಮುಂಬಯಿಯ ಮಹೀಂದ್ರಾ ಯುನೈಟೆಡ್ ತಂಡವನ್ನು 2010ರಲ್ಲಿ, ಪಂಜಾಬಿನ ಜೆ.ಸಿ.ಟಿ. ತಂಡವನ್ನು 2011ರಲ್ಲಿ ಮುಚ್ಚಿದರು. ಎರಡೂ ರಾಷ್ಟ್ರೀಯ ಲೀಗ್ ಗೆದ್ದ ತಂಡಗಳು. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿತು, 2014ರಲ್ಲಿ ಐ.ಎಸ್.ಎಲ್. ಬಂತು, ಮೇಲಿನ ಕೆಲವರಿಗೆ ಒಳ್ಳೆಯ ಹಣ ಸಿಕ್ಕಿತು. ಕೆಳಗಿನ ಸಾಲಿನವರು ಒಂದು ಹಂಗಾಮಿನಿಂದ ಇನ್ನೊಂದು ಹಂಗಾಮಿಗೆ ಕಾಯುತ್ತಾರೆ.

ಈಗ ನನ್ನ ಕಸುಬಿನ ಮಾತು. ನಾನು ಕಾಲೇಜು ತಂಡದಲ್ಲಿ ಲೆಫ್ಟ್ ಔಟ್ ಆಡುತ್ತಿದ್ದೆ. ಓಟ ಇತ್ತು, ಗುರಿ ಇರಲಿಲ್ಲ. ಬಿ.ಕಾಂ. ಮುಗಿಸಿ ಏಜೆಂಟನಾದೆ. ಇದೇ ನಂದೂರಿನಿಂದ ಕಮಲಾಪುರದವರೆಗೆ ಸೈಕಲ್ಲಿನಲ್ಲಿ, ಆಮೇಲೆ ಲೂನಾದಲ್ಲಿ ತಿರುಗಿದೆ. ಫರ್ಸಿ ಕಲ್ಲಿನ ಪಾಲಿಶ್ ಘಟಕಗಳು, ತೊಗರಿಯ ದಾಲ್ ಮಿಲ್ಲುಗಳು, ಕಮಲಾಪುರದ ಕೆಂಪು ಬಾಳೆಯ ತೋಟದವರು, ಎಲ್ಲರೂ ನನ್ನ ಗಿರಾಕಿಗಳು. ಮನೆಯಲ್ಲಿ ದಖನಿ, ಹೊರಗೆ ಕನ್ನಡ. ಎಲ್ಲ ಕಡೆ ಒಂದೇ ಪ್ರಶ್ನೆ: "ಏನ್ರಿ ಸಾಹೇಬ್ರ, ನಾ ಸತ್ತ ಮ್ಯಾಲ ರೊಕ್ಕ ತಗೊಂಡು ಏನ್ ಮಾಡ್ಲ್ರಿ?" ನಾನು ನಗುತ್ತ, "ನಿಮಗಲ್ರಿ ಗೌಡ್ರ, ನಿಮ್ಮ ಹಿಂದ ಉಳಿಯೋರಿಗಿ" ಅನ್ನುತ್ತಿದ್ದೆ. ನಮ್ಮ ಸಮಾಜದವರ ಮನೆಯಲ್ಲಿ ಇನ್ನೊಂದು ಪ್ರಶ್ನೆ ಇರುತ್ತಿತ್ತು: ಇದು ಜಾಯಿಜ್ ಹೌದೋ ಅಲ್ಲವೋ? ಅದಕ್ಕೆ ಉತ್ತರ ಕೊಡುವ ಯೋಗ್ಯತೆ ನನಗಿಲ್ಲ. ಉಲೇಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. 1985ರಲ್ಲಿ ಜೆದ್ದಾದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ, ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿತು. ಆ ದಾರಿಯ 'ತಕಾಫುಲ್' ಸಂಸ್ಥೆ ಸೂಡಾನಿನಲ್ಲಿ 1979ರಲ್ಲಿಯೇ ಶುರುವಾಗಿತ್ತು, ಮಲೇಷ್ಯಾ 1984ರಲ್ಲಿ ಅದಕ್ಕೆ ಕಾಯ್ದೆ ಮಾಡಿತು. ನಾನು ಮನೆಯವರಿಗೆ, ನಿಮ್ಮ ಆಲಿಮರನ್ನು ಕೇಳಿ ಬನ್ನಿ, ನಾನು ಮುಂದಿನ ವಾರ ಬರುತ್ತೇನೆ ಎನ್ನುತ್ತಿದ್ದೆ. ಕೆಲವರು ಬೇಡ ಎಂದರು, ಅವರ ಮನೆಯಲ್ಲೂ ಚಹಾ ಕುಡಿದು ಬಂದಿದ್ದೇನೆ. ಒಂಟೆಯನ್ನು ಕಟ್ಟುವ ಹದೀಸ್ ನಿಮಗೆಲ್ಲ ಗೊತ್ತು, ಅದನ್ನು ವಿಮೆ ಮಾರಲು ಬಳಸಬಾರದು ಎಂದು ನಾನೇ ನಿಯಮ ಮಾಡಿಕೊಂಡಿದ್ದೆ.

ಏಜೆಂಟನ ಗಳಿಕೆಯ ಲೆಕ್ಕ ಆಟಗಾರನ ಲೆಕ್ಕಕ್ಕೆ ತದ್ವಿರುದ್ಧ. ಜೀವವಿಮೆಯಲ್ಲಿ ಮೊದಲ ವರ್ಷದ ಕಂತಿನ ಮೇಲೆ ದೊಡ್ಡ ಕಮಿಷನ್. ಹಳೆಯ ನಿಯಮದಂತೆ ಎರಡನೆಯ, ಮೂರನೆಯ ವರ್ಷ ಹೆಚ್ಚೆಂದರೆ ಶೇಕಡಾ ಏಳೂವರೆ, ಆಮೇಲೆ ಶೇಕಡಾ ಐದು. ಹತ್ತು ಸಾವಿರದ ಕಂತಿಗೆ ವರ್ಷಕ್ಕೆ ಐನೂರು. ಸಣ್ಣದು, ಆದರೆ ಪಾಲಿಸಿ ನಡೆಯುವಷ್ಟು ವರ್ಷ ಬರುತ್ತದೆ, ಏಜೆಂಟ್ ಸತ್ತರೆ ಅವನ ವಾರಸುದಾರರಿಗೂ ಬರುತ್ತದೆ. ಇಪ್ಪತ್ತು ವರ್ಷ ಗಿಡ ನೆಟ್ಟವನು ಮುಪ್ಪಿನಲ್ಲಿ ಹಣ್ಣು ತಿನ್ನುತ್ತಾನೆ. ಆಟಗಾರನಿಗೆ ಮೊದಲೇ ಸುಗ್ಗಿ, ಆಮೇಲೆ ಬರಗಾಲ. ಆಟ ಬಿಟ್ಟವರು ಈ ಕಸುಬಿಗೆ ಬರಲು ಇದೂ ಒಂದು ಕಾರಣ. ಹೆಸರು ಗೊತ್ತಿರುವುದರಿಂದ ಬಾಗಿಲು ಬೇಗ ತೆರೆಯುತ್ತದೆ. ಆದರೆ ಸಹಿ ಬೀಳುವುದು ಹೆಸರಿಗಲ್ಲ, ಎರಡನೆಯ ಸಲ, ಮೂರನೆಯ ಸಲ ಹೋದವನಿಗೆ. ಮೊದಲು ಯಾರು ಬೇಕಾದರೂ ಏಜೆಂಟರಾಗುತ್ತಿದ್ದರು. 2000ದ ನಂತರ ನಿಯಂತ್ರಣ ಪ್ರಾಧಿಕಾರ ನೂರು ಗಂಟೆಗಳ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಮುಂದೆ ಗಂಟೆಗಳು ಇಳಿದವು, ಪರೀಕ್ಷೆ ಉಳಿದಿದೆ. ಹತ್ತನೆಯ ತರಗತಿಯ ಪ್ರಮಾಣಪತ್ರವಿಲ್ಲದೆ ಆ ಪರೀಕ್ಷೆಗೆ ಕೂರಿಸುವುದಿಲ್ಲ.

ಆದರೆ ಆ ಮೊದಲ ವರ್ಷದ ದೊಡ್ಡ ಕಮಿಷನ್ ಒಂದು ಬಲೆ. ಅದು ಏಜೆಂಟನನ್ನು ಹೊಸ ಗಿರಾಕಿಯ ಹಿಂದೆ ಓಡಿಸುತ್ತದೆ, ಹಳಬರನ್ನು ಮರೆಸುತ್ತದೆ. ನಾನು ಇಂದು ಹೇಳಬೇಕೆಂದು ಬಂದ ಮಾತು ಇಲ್ಲಿದೆ. ಇದನ್ನು ಸಭೆಯಲ್ಲಿ ಹೇಳುತ್ತಿರುವುದು ಇದೇ ಮೊದಲು.

ನಮ್ಮ ತಂಡದಲ್ಲಿ ಒಬ್ಬ ಬ್ಯಾಕ್ ಇದ್ದ. ನಾವು ಅವನನ್ನು 'ದೀವಾರ್' ಎನ್ನುತ್ತಿದ್ದೆವು, ಅವನನ್ನು ದಾಟಿ ಚೆಂಡು ಹೋಗುತ್ತಿರಲಿಲ್ಲ. ನನಗಿಂತ ನೂರು ಪಾಲು ಒಳ್ಳೆಯ ಆಟಗಾರ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರದೆ ಬೆಂಗಳೂರಿಗೆ ಹೋದ, ಒಂದು ಕಾರ್ಖಾನೆಯ ತಂಡಕ್ಕೆ ಎರಡು ಹಂಗಾಮು ಆಡಿದ. ಮುಂದಿನ ವರ್ಷ ಕಾಯಂ ಆಗುತ್ತದೆ ಎಂದಿದ್ದರಂತೆ. ಅಷ್ಟರಲ್ಲಿ ಮೊಣಕಾಲು ಹೋಯಿತು. ಊರಿಗೆ ಬಂದ. ಪ್ರಮಾಣಪತ್ರವಿಲ್ಲದವನಿಗೆ ಜವಾನನ ಕೆಲಸವೂ ಸಿಗಲಿಲ್ಲ. ಫರ್ಸಿ ಕಲ್ಲಿನ ಲಾರಿ ಓಡಿಸತೊಡಗಿದ. ಕುಂಟುವ ಕಾಲು ಕ್ಲಚ್ಚಿನ ಮೇಲೆ. ಮದುವೆಯಾಯಿತು, ಒಂದು ಹೆಣ್ಣು ಮಗು. ನಾನೇ ಹಟ ಹಿಡಿದು ಒಂದು ಪಾಲಿಸಿ ಮಾಡಿಸಿದೆ. ಮೂರು ತಿಂಗಳಿಗೊಂದು ಕಂತು. ಆರು ಕಂತು ಕಟ್ಟಿದ. ದಿನ ಬಂದಾಗ ನಾನು ಹೋಗಿ ನೆನಪಿಸಬೇಕು, ಅದು ನಮ್ಮಿಬ್ಬರ ಒಪ್ಪಂದ. ಏಳನೆಯ ಕಂತಿನ ಹೊತ್ತಿಗೆ ನಾನು ಹೋಗಲಿಲ್ಲ. ಆ ವರ್ಷ ಹೆಚ್ಚು ಹೊಸ ಪಾಲಿಸಿ ಮಾಡಿದ ಏಜೆಂಟರಿಗೆ ಬಹುಮಾನವಿತ್ತು. ನಾನು ತೊಗರಿ ಸುಗ್ಗಿಯ ದುಡ್ಡು ಕೈಯಲ್ಲಿದ್ದ ರೈತರ ಹಿಂದೆ ಹಳ್ಳಿ ಹಳ್ಳಿ ತಿರುಗುತ್ತಿದ್ದೆ. ಕೊನೆಯ ದಿನದ ನಂತರ ಮೂವತ್ತು ದಿನಗಳ ರಿಯಾಯಿತಿ ಇರುತ್ತದೆ. ಅದೂ ಮುಗಿಯಿತು, ಪಾಲಿಸಿ ಲ್ಯಾಪ್ಸ್ ಆಯಿತು. ಹನ್ನೊಂದನೆಯ ದಿನ ಸೇಡಂ ರಸ್ತೆಯಲ್ಲಿ ಅವನ ಲಾರಿ ಮಗುಚಿತು.

ಆಗಿನ ನಿಯಮದಂತೆ ಮೂರು ವರ್ಷ ಕಂತು ಕಟ್ಟಿದ್ದರೆ ಏನಾದರೂ ಕೈಗೆ ಬರುತ್ತಿತ್ತು. ಒಂದೂವರೆ ವರ್ಷ ಕಟ್ಟಿದವನಿಗೆ ಒಂದು ಪೈಸೆಯೂ ಇಲ್ಲ. ಭಾಭಿ ಪಾಲಿಸಿಯ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದರು. ಇದ್ದತ್ ಮುಗಿದ ಮೇಲೆ ನನ್ನ ಮುಂದೆ ಇಟ್ಟು, "ಭಾಯಿಜಾನ್, ಇದನ್ನು ಎಲ್ಲಿ ಕೊಡಬೇಕು?" ಎಂದು ಕೇಳಿದರು. ನಾನು ಏನು ಹೇಳಿದೆನೋ ನೆನಪಿಲ್ಲ. ಆ ವರ್ಷದ ಬಹುಮಾನ ನನಗೆ ಬಂತು, ಒಂದು ಗೋಡೆ ಗಡಿಯಾರ. ಅದನ್ನು ಮನೆಯಲ್ಲಿ ಹಾಕಲಿಲ್ಲ. ಆ ಮಗುವಿನ ಶಾಲೆಯ ಫೀಸು ನಾನು ಕಟ್ಟಿದೆ. ಅದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಬರಬೇಕಾಗಿದ್ದ ಹಣದ ಹತ್ತನೆಯ ಒಂದು ಪಾಲೂ ಅದಾಗಲಿಲ್ಲ. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಬೆಳಿಗ್ಗೆ ಫಜರ್ ನಂತರ ಅದರಲ್ಲಿ ಯಾರ ಕಂತು ಬಾಕಿಯಿದೆ ಎಂದು ನೋಡಿ, ಮೊದಲು ಅವರ ಮನೆಗೆ ಹೋಗಿ, ಆಮೇಲೆ ಹೊಸ ಮನೆ.

ಹುಡುಗರೇ, ನೀವು ಬೆಂಗಳೂರಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಬೇಡ ಎಂದು ದೀವಾರ್‌ಗೆ ಅವನ ಅಬ್ಬಾ ಹೇಳಿದ್ದರು, ಅವನು ರಾತ್ರಿ ಬಸ್ಸಿಗೆ ಹೋದ. ಹದಿನೇಳರ ವಯಸ್ಸಿನಲ್ಲಿ ಕಾಲಿಗೆ ಆ ಆಟ ಬಂದಿದ್ದರೆ ನಾನೂ ಹೋಗುತ್ತಿದ್ದೆ. ಸಂಘದ ಹಿರಿಯರಲ್ಲಿ ನನ್ನದೊಂದು ಬಿನ್ನಹವಿದೆ. ಇವರು ಆಟಕ್ಕೆ ಹೋದರೆ ವಿದ್ಯಾರ್ಥಿವೇತನ ನಿಲ್ಲಿಸುತ್ತೇವೆ ಎಂದು ಹೆದರಿಸಬೇಡಿ. ಪರೀಕ್ಷೆಗೆ ಬಂದು ಕೂತರೆ ಮುಂದುವರಿಸುತ್ತೇವೆ ಎನ್ನಿ. ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನವನ್ನು ಯಾರಾದರೂ ಒಬ್ಬರು ಇವರಿಗೆ ಫೋನು ಮಾಡಿ ನೆನಪಿಸಬೇಕು. ಆ ಕೆಲಸ ನನಗೆ ಕೊಡಿ, ನೋಟ್‌ಬುಕ್ಕಿನಲ್ಲಿ ಇನ್ನೂ ಹಾಳೆಗಳಿವೆ.

ದೀವಾರ್‌ನ ಮಗಳು ಈಗ ಶಾಲಾ ಶಿಕ್ಷಕಿ. ನಾನು ಈ ಮಾತನ್ನು ಸಭೆಯಲ್ಲಿ ಹೇಳಲೇ ಎಂದು ನಿನ್ನೆ ಅವಳನ್ನು ಕೇಳಿದೆ. "ಹೇಳಿ ಚಾಚಾ, ಆದರೆ ಅಬ್ಬಾ ಆಡುತ್ತಿದ್ದ ಆಟವನ್ನೂ ಸ್ವಲ್ಪ ಹೇಳಿ, ಬರೀ ಲಾರಿಯನ್ನು ಹೇಳಬೇಡಿ" ಎಂದಳು. ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಒಮ್ಮೆ ಮಳೆಯಲ್ಲಿ ನಡೆದ ಪಂದ್ಯ, ಮೈದಾನವೆಲ್ಲ ಎರೆಮಣ್ಣಿನ ಕೆಸರು. ನಮ್ಮ ಗೋಲ್‌ಕೀಪರ್ ಜಾರಿ ಬಿದ್ದಿದ್ದ, ಎದುರಾಳಿ ಒಬ್ಬನೇ ಚೆಂಡಿನೊಡನೆ ಬರುತ್ತಿದ್ದ. ದೀವಾರ್ ಓಡಲಿಲ್ಲ, ಗೆರೆಯ ಮೇಲೆ ಸುಮ್ಮನೆ ನಿಂತ. ಆ ಹುಡುಗ ಇವನನ್ನು ನೋಡಿಯೇ ಗಾಬರಿಯಾಗಿ ಚೆಂಡನ್ನು ಹೊರಕ್ಕೆ ಹೊಡೆದ. ಆಮೇಲೆ ದೀವಾರ್ ಅವನ ಹತ್ತಿರ ಹೋಗಿ ಅವನ ಮುಖದ ಮೇಲಿನ ಕೆಸರನ್ನು ತನ್ನ ಅಂಗಿಯಿಂದ ಒರೆಸಿದ.

ಅಸರ್ ನಮಾಜಿಗೆ ಸಮಯವಾಗುತ್ತಿದೆ. ಪ್ರಶ್ನೆಗಳಿದ್ದರೆ ನಮಾಜಿನ ನಂತರ ಕೇಳಿ, ಇಲ್ಲಿಯೇ ಇರುತ್ತೇನೆ. ಅಸ್ಸಲಾಮು ಅಲೈಕುಮ್.